ಧನುರ್ಮಾಸದ ಹವೆ ಮತ್ತು ಕೊಯ್ದ ರಾಗಿ

ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಒಣ ಹವೆಯ ಕಾಲ. ಹಿಂಗಾರು ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುತ್ತದೆ. ಬೀದರ, ವಿಜಯಪುರಗಳ ಕಡೆ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದೂ ಉಂಟು. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನು ಕೊಯ್ದು ಹೊಲದಲ್ಲೇ ಅರಿ ಹಾಕಿ ಒಣಗಲು ಬಿಡುವುದು ಈ ಹವೆಯನ್ನು ನಂಬಿಯೇ. ಆದರೆ ಈ ನಂಬಿಕೆ ಪ್ರತಿ ವರ್ಷವೂ ಉಳಿಯುವುದಿಲ್ಲ.

ಬಂಗಾಳ ಕೊಲ್ಲಿಯಲ್ಲಿ ಡಿಸೆಂಬರ್ ಕೊನೆಯವರೆಗೂ ವಾಯುಭಾರ ಕುಸಿತ ಉಂಟಾಗಬಹುದು. 2011ರಲ್ಲಿ ‘ಥಾನೆ’ ಚಂಡಮಾರುತ ಡಿಸೆಂಬರ್ 30ರಂದು ಕಡಲೂರು ಬಳಿ ದಡ ಸೇರಿತು. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ದಡ ಹಾಯ್ದ ‘ಮಾಂಡೋಸ್’ನಿಂದ ಬೆಂಗಳೂರು, ಕೋಲಾರಗಳ ಕಡೆ ಸೋನೆಮಳೆ ಹಿಡಿಯಿತು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ‘ಫೆಂಗಲ್’ ಡಿಸೆಂಬರ್ ಮೊದಲ ದಿನಗಳಲ್ಲಿ ಕೊಯ್ಲಿಗೆ ಬಂದಿದ್ದ ರಾಗಿಯನ್ನು ತೋಯಿಸಿತು. ಗಾಳಿಯ ರಭಸ ಇಲ್ಲಿಗೆ ಮುಟ್ಟುವ ಹೊತ್ತಿಗೆ ತಗ್ಗಿರುತ್ತದೆ. ಹಾನಿ ಮಾಡುವುದು ಎರಡು ಮೂರು ದಿನ ಬಿಡದೆ ಸುರಿಯುವ ಜಡಿಮಳೆ.

ರಾತ್ರಿಯ ಚಳಿಯೇ ಇದರ ಒಂದು ಸೂಚನೆ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿಲ್ಲದಿದ್ದರೆ ಶಾಖವೆಲ್ಲ ಹೊರಟು ಹೋಗಿ ಚಳಿ ಹೆಚ್ಚುತ್ತದೆ, ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಮೋಡ ಕಂಬಳಿಯಂತೆ ಹೊದೆದುಕೊಂಡರೆ ಶಾಖ ನೆಲದ ಬಳಿಯೇ ಉಳಿಯುತ್ತದೆ. ಆದುದರಿಂದ ಚಳಿ ಇದ್ದಕ್ಕಿದ್ದಂತೆ ಮುರಿದು, ಮೂಡಣ ಗಾಳಿಯೊಡನೆ ಮೋಡ ಏರಿ ಬಂದರೆ ಹೊಲದಲ್ಲಿ ಅರಿ ಇಟ್ಟವರು ಎಚ್ಚರಗೊಳ್ಳಬೇಕು. ಚಳಿ ಬಿಟ್ಟಿತೆಂದು ಸಂತೋಷಪಡುವವರೇ ಹೆಚ್ಚು! ಪ್ರತಿ ಮೋಡವೂ ಮಳೆ ತರುವುದಿಲ್ಲ ಎಂಬುದೂ ನಿಜ. ಅದಕ್ಕಾಗಿ ಆಕಾಶವಾಣಿಯ ಹವಾ ವರ್ತಮಾನವನ್ನೂ, ಕೃಷಿ ವಿಶ್ವವಿದ್ಯಾನಿಲಯಗಳ ಹವಾಮಾನ ಘಟಕಗಳು ಮಂಗಳವಾರ ಮತ್ತು ಶುಕ್ರವಾರ ಹೊರಡಿಸುವ ಸಲಹೆಯನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು.

ಮಳೆಯ ಮುನ್ಸೂಚನೆಯಿದ್ದರೆ ನಿಂತ ಪೈರನ್ನು ಕೊಯ್ಯುವ ಆತುರ ಬೇಡ. ನೆಲದ ಮೇಲೆ ಮಲಗಿದ ತೆನೆಗಿಂತ ನಿಂತ ತೆನೆ ಬೇಗ ಆರುತ್ತದೆ. ಈಗಾಗಲೇ ಕೊಯ್ದಿದ್ದರೆ, ಒಣಗಿದ ಅರಿಯನ್ನು ಕಂತೆ ಕಟ್ಟಿ ಎತ್ತರದ ಜಾಗದಲ್ಲಿ, ತೆನೆ ಒಳಮುಖವಾಗಿರುವಂತೆ ಮೆದೆ ಒಟ್ಟಬೇಕು. ಹಸಿ ಕಂತೆಯನ್ನು ಮೆದೆಯೊಳಗೆ ಸೇರಿಸಿದರೆ ಒಳಗೆ ಕಾವೇರಿ ಕಾಳು ಕಪ್ಪಾಗುತ್ತದೆ, ಹುಲ್ಲು ಬೂಷ್ಟು ಹಿಡಿದು ದನಗಳಿಗೂ ಬಾರದಂತಾಗುತ್ತದೆ. ಟಾರ್ಪಾಲು ಹೊದಿಸಿದವರು ಬಿಸಿಲು ಬಂದ ಕೂಡಲೇ ಅದನ್ನು ತೆಗೆಯಬೇಕು. ಇಲ್ಲವಾದರೆ ಒಳಗಿನ ಹಬೆಯಿಂದಲೇ ತೆನೆ ಮೊಳೆಯುತ್ತದೆ. ಒಕ್ಕಿದ ಕಾಳನ್ನು ತೇವಾಂಶ ಶೇಕಡಾ 12ಕ್ಕೆ ಇಳಿಯುವವರೆಗೆ ಒಣಗಿಸಿ ಚೀಲಕ್ಕೆ ತುಂಬಬೇಕು.

ಉತ್ತರದ ಎರೆ ಭೂಮಿಯಲ್ಲಿ ಚಿಂತೆ ಬೇರೆ. ಅಲ್ಲಿ ಚಳಿ ಕಡಲೆಗೆ ಹಿತ, ಮೋಡ ಅಹಿತ. ಮೋಡ ಕವಿದು ನಿಂತ ದಿನಗಳಲ್ಲಿ ಕಾಯಿಕೊರಕದ ಹಾವಳಿ ಹೆಚ್ಚುವುದರಿಂದ, ಮರಿಹುಳು ಕಾಯಿಯೊಳಗೆ ತಲೆ ತೂರಿಸುವ ಮೊದಲೇ ಚಿಗುರು ಮತ್ತು ಹೂಗಳನ್ನು ದಿನವೂ ಬೆಳಿಗ್ಗೆ ತಿರುವಿ ನೋಡಬೇಕು.