ವಿದ್ಯುತ್ ವಾಹನಗಳ ಮೋಟಾರು: ಬಂಡವಾಳ ಹೂಡುವ ಮುನ್ನ ತಿಳಿಯಬೇಕಾದುದು

ಬೆಳಗಾವಿಯ ಉದ್ಯಮಬಾಗದಿಂದ ಕೊಲ್ಲಾಪುರದ ಗೋಕುಳ ಶಿರಗಾಂವದವರೆಗೆ, ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನಲ್ಲಿ, ಅನೇಕ ಫೌಂಡ್ರಿಗಳೂ ಮಷಿನ್ ಶಾಪ್‌ಗಳೂ ವಾಹನೋದ್ಯಮವನ್ನು ಅವಲಂಬಿಸಿವೆ. ಇದೇ ಹೆದ್ದಾರಿಯ ಮೇಲಿರುವ ಯಮಕನಮರಡಿಗೆ ಸಮೀಪದ ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದ್ದು, ಅಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ಆದ್ದರಿಂದ ನಿಖರ ಯಂತ್ರಗಾರಿಕೆ ಈ ಭಾಗಕ್ಕೆ ಹೊಸದಲ್ಲ. ಆದರೆ ಬ್ಯಾಟರಿ ಚಾಲಿತ ವಾಹನದಲ್ಲಿ ಸಿಲಿಂಡರ್ ಬ್ಲಾಕ್, ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್ ಇವಾವುವೂ ಇರುವುದಿಲ್ಲ. ಎಂಜಿನ್ ಭಾಗಗಳನ್ನೇ ನೆಚ್ಚಿರುವ ಸಣ್ಣ ಘಟಕಗಳು ಮೋಟಾರು ತಂತ್ರಜ್ಞಾನದಲ್ಲಿ ಹಣ ತೊಡಗಿಸಬೇಕೇ, ತೊಡಗಿಸುವುದಾದರೆ ಯಾವ ಭಾಗದಲ್ಲಿ ಎಂಬುದು ವಿಚಾರಾರ್ಹ.

ಮೋಟಾರಿನ ಬಗೆಗಳು

ಮೋಟಾರಿನಲ್ಲಿ ಎರಡು ಮುಖ್ಯ ಅಂಗಗಳಿವೆ: ಸ್ಥಿರವಾಗಿರುವ ಸ್ಟೇಟರ್ ಮತ್ತು ಅದರೊಳಗೆ ತಿರುಗುವ ರೋಟರ್. ತೆಳುವಾದ ವಿದ್ಯುತ್ ಉಕ್ಕಿನ ತಗಡುಗಳನ್ನು ಜೋಡಿಸಿ, ತಾಮ್ರದ ತಂತಿ ಸುತ್ತಿ ಸ್ಟೇಟರನ್ನು ರಚಿಸುತ್ತಾರೆ. ರೋಟರಿನಲ್ಲಿ ಪ್ರಬಲ ಅಯಸ್ಕಾಂತಗಳನ್ನು ಅಳವಡಿಸಿದರೆ ಅದು ಸ್ಥಿರ ಅಯಸ್ಕಾಂತ ಮೋಟಾರು. ರೈತರ ಪಂಪ್‌ಸೆಟ್ಟಿನಲ್ಲಿರುವಂತೆ ಅಯಸ್ಕಾಂತವಿಲ್ಲದೆಯೇ ತಿರುಗುವುದು ಇಂಡಕ್ಷನ್ ಮೋಟಾರು.

ಯಾವ ಬಗೆಯದು ಕೊನೆಗೆ ನೆಲೆಗೊಳ್ಳುವುದೆಂದು ಹೇಳುವುದು ಸುಲಭವಲ್ಲ. ಬೆಂಗಳೂರಿನಲ್ಲಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಡಿ.ಸಿ. ಮೋಟಾರಿನಿಂದ ಆರಂಭವಾಯಿತು. ಅದರ ಉತ್ತರಾಧಿಕಾರಿಯಾಗಿ 2013ರಲ್ಲಿ ಬಂದ ಮಹೀಂದ್ರಾ ಇ2ಒ ಇಂಡಕ್ಷನ್ ಮೋಟಾರನ್ನು ಬಳಸಿತು. ಬೆಂಗಳೂರಿನದೇ ಆದ ಏಥರ್ ಸ್ಕೂಟರಿನಲ್ಲಿರುವುದು ಸ್ಥಿರ ಅಯಸ್ಕಾಂತ ಮೋಟಾರು.

ಅಯಸ್ಕಾಂತದ ಸಮಸ್ಯೆ

ಸ್ಥಿರ ಅಯಸ್ಕಾಂತ ಮೋಟಾರು ಹಗುರವೂ ದಕ್ಷವೂ ಆಗಿರುವುದರಿಂದ ಹೆಚ್ಚು ಬಳಕೆಯಲ್ಲಿದೆ. ಆದರೆ ಅದಕ್ಕೆ ಬೇಕಾದ ನಿಯೋಡಿಮಿಯಂ ಅಯಸ್ಕಾಂತಗಳ ತಯಾರಿಕೆ ಬಹುಪಾಲು ಚೀನಾದಲ್ಲಿದೆ. 2025ರ ಏಪ್ರಿಲ್‌ನಲ್ಲಿ ಆ ದೇಶ ಕೆಲವು ವಿರಳ ಭಸ್ಮ ಲೋಹಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ನಿಯಂತ್ರಣ ವಿಧಿಸಿದಾಗ ಭಾರತದ ವಾಹನ ತಯಾರಕರೂ ತೊಂದರೆಗೀಡಾದರು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ದೇಶದಲ್ಲಿಯೇ ಅಯಸ್ಕಾಂತ ತಯಾರಿಸಲು 7,280 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಈ ಕ್ಷೇತ್ರ ದೊಡ್ಡ ಬಂಡವಾಳಗಾರರದು. ಸಣ್ಣ ಘಟಕಗಳಿಗೆ ಎಟುಕುವಂಥದಲ್ಲ.

ಹಣ ಎಲ್ಲಿ ಹೂಡಬೇಕು?

ಮೋಟಾರಿನ ಬಗೆ ಬದಲಾದರೂ ಕೆಲವು ಭಾಗಗಳು ಬದಲಾಗುವುದಿಲ್ಲ. ಹೊರಕವಚ, ಶಾಫ್ಟ್, ಎರಡು ಬದಿಯ ಮುಚ್ಚಳಗಳು, ಗೇರು ಪೆಟ್ಟಿಗೆ, ತಗಡು ಕತ್ತರಿಸುವ ಡೈಗಳು ಬಹುತೇಕ ಎಲ್ಲ ವಿನ್ಯಾಸಗಳಿಗೂ ಬೇಕು. ಸಣ್ಣ ಉದ್ದಿಮೆದಾರನ ಬಂಡವಾಳಕ್ಕೆ ಇಲ್ಲಿ ಅಪಾಯ ಕಡಿಮೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ವಾಹನ ಮೋಟಾರಿನ ಹೊರಕವಚ ಸಾಮಾನ್ಯವಾಗಿ ಅಲ್ಯೂಮಿನಿಯಂ ಎರಕದ್ದು. ಬೀಡುಕಬ್ಬಿಣ ಎರೆಯುವ ಫೌಂಡ್ರಿ ಅದೇ ಕುಲುಮೆ, ಅದೇ ಅಚ್ಚುಗಳಿಂದ ಈ ಕೆಲಸಕ್ಕೆ ಇಳಿಯಲಾರದು; ಡೈಕಾಸ್ಟಿಂಗ್ ಯಂತ್ರಕ್ಕೆ ದೊಡ್ಡ ಮೊತ್ತ ಬೇಕು. ಈಗಾಗಲೇ ಸಿ.ಎನ್.ಸಿ. ಯಂತ್ರಗಳಿರುವ ಘಟಕವು ಎರಕವನ್ನು ಬೇರೆಡೆಯಿಂದ ತರಿಸಿ, ಬೇರಿಂಗ್ ಕೂರುವ ಜಾಗವನ್ನು ಮೈಕ್ರಾನ್ ಲೆಕ್ಕದಲ್ಲಿ ಕೊರೆದು ಕೊಡುವುದು ಸುಲಭ ದಾರಿ. ಅದಕ್ಕೂ ಅಳತೆಯ ಉಪಕರಣಗಳು ಮತ್ತು ವಾಹನೋದ್ಯಮದ ಐ.ಎ.ಟಿ.ಎಫ್. 16949 ಗುಣಮಟ್ಟ ಪ್ರಮಾಣಪತ್ರ ಬೇಕಾಗುತ್ತವೆ.

ಹಣಕಾಸಿನ ವಿಚಾರ

ಸಣ್ಣ ಉದ್ದಿಮೆಗಳಿಗೆ ಅಡಮಾನವಿಲ್ಲದೆ ಸಾಲ ದೊರಕಿಸುವ ಸಿ.ಜಿ.ಟಿ.ಎಂ.ಎಸ್.ಇ. ಖಾತರಿ ಯೋಜನೆಯ ಮಿತಿಯನ್ನು 2025ರ ಏಪ್ರಿಲ್‌ 1ರಿಂದ 10 ಕೋಟಿ ರೂಪಾಯಿಗಳಿಗೆ ಏರಿಸಲಾಗಿದೆ. ಸಾಲ ಸಿಗುತ್ತದೆಂಬ ಒಂದೇ ಕಾರಣಕ್ಕೆ ಯಂತ್ರ ಕೊಳ್ಳುವುದು ಜಾಣತನವಲ್ಲ. ಒಬ್ಬನೇ ಗ್ರಾಹಕನ, ಒಂದೇ ಮಾದರಿಯ ವಾಹನಕ್ಕೆ ಮಾತ್ರ ಒಗ್ಗುವ ಯಂತ್ರವು ಆ ಮಾದರಿ ನಿಂತರೆ ಕಂತಿನ ಹೊರೆಯಾಗಿ ಉಳಿಯುತ್ತದೆ. ಟ್ರ್ಯಾಕ್ಟರು, ಪಂಪು, ಹೈಡ್ರಾಲಿಕ್ ಕೆಲಸಕ್ಕೂ ಬಳಸಬಹುದಾದ ಯಂತ್ರವನ್ನೇ ಆರಿಸುವುದು ಲೇಸು.

ಎಂಜಿನ್ ಭಾಗಗಳ ಬೇಡಿಕೆ ಒಮ್ಮೆಗೇ ನಿಲ್ಲಲಾರದು. ಟ್ರ್ಯಾಕ್ಟರು, ಲಾರಿಗಳಿಗೆ ಅವು ಇನ್ನೂ ಬೇಕು. ಆ ಆದಾಯ ಕೈಯಲ್ಲಿರುವಾಗಲೇ ಮೊದಲು ಮಾದರಿ ತುಣುಕುಗಳನ್ನು ತಯಾರಿಸಿ ಗ್ರಾಹಕರ ಒಪ್ಪಿಗೆ ಪಡೆದು, ಬಳಿಕ ಯಂತ್ರಕ್ಕೆ ಹಣ ತೊಡಗಿಸುವುದು ಉದ್ದಿಮೆದಾರರಿಗೆ ಹಿತಕರ.