ಹಿಮದ ಕಾಡಿನಲ್ಲಿ ಬದುಕುಳಿಯುವ ಲೆಕ್ಕ



ಕಂಪ್ಯೂಟರ್ ಆಟ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾರುಗಳ ಓಟ, ಬಂದೂಕಿನ ಸದ್ದು, ಏರುತ್ತಾ ಹೋಗುವ ಅಂಕಗಳು. ಆದರೆ ಎದುರಾಳಿಯನ್ನು ಸೋಲಿಸುವುದಕ್ಕಿಂತ ತಾನು ಸಾಯದೆ ಉಳಿಯುವುದೇ ಗುರಿಯಾಗಿರುವ ಆಟಗಳೂ ಇವೆ. ಅವುಗಳಲ್ಲಿ ಒಂದು ‘ದಿ ಲಾಂಗ್ ಡಾರ್ಕ್’. ಕೆನಡಾ ದೇಶದ ಹಿಂಟರ್‌ಲ್ಯಾಂಡ್ ಸ್ಟುಡಿಯೋ ಎಂಬ ಸಂಸ್ಥೆ ತಯಾರಿಸಿದ ಈ ಆಟ 2014ರ ಸೆಪ್ಟೆಂಬರ್‌ನಲ್ಲಿ ಮೊದಲು ಅಪೂರ್ಣ ರೂಪದಲ್ಲಿ ಹೊರಬಂದು, 2017ರ ಆಗಸ್ಟ್ 1ರಂದು ಪೂರ್ಣ ರೂಪದಲ್ಲಿ ಬಿಡುಗಡೆಯಾಯಿತು.

ಮರಳುಗಾಡಿನ ನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಹಿಮವನ್ನು ಕಣ್ಣಾರೆ ಕಂಡೇ ಇಲ್ಲ. ಆದರೂ ಹಿರಿಯ ತರಗತಿಗಳ ಹಲವರು ಈ ಆಟವನ್ನು ಬಲ್ಲರು. “ಎಷ್ಟು ಸಲ ಶುರು ಮಾಡಿದರೂ ಮೊದಲ ರಾತ್ರಿ ದಾಟುವುದೇ ಇಲ್ಲ ಮಿಸ್” ಎಂಬುದು ಅವರ ಸಾಮಾನ್ಯ ದೂರು. ಹೊಸಬರು ಸಾಯುವುದು ಏಕೆ, ಸಾಯದಿರಲು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಆಟದ ಸ್ವರೂಪ

ಕೆನಡಾದ ಉತ್ತರ ಭಾಗದಲ್ಲಿರುವ ‘ಗ್ರೇಟ್ ಬೇರ್’ ಎಂಬ ಕಾಲ್ಪನಿಕ ದ್ವೀಪದಲ್ಲಿ ಆಟ ನಡೆಯುತ್ತದೆ. ಭೂಮಿಯ ಕಾಂತಕ್ಷೇತ್ರವನ್ನು ಕಲಕಿದ ಒಂದು ಬಿರುಗಾಳಿಯಿಂದ ವಿದ್ಯುತ್ತು, ವಾಹನ, ಫೋನು ಎಲ್ಲವೂ ನಿಂತುಹೋಗಿವೆ. ಊರುಗಳು ಬರಿದಾಗಿವೆ. ಸುತ್ತಲೂ ಹಿಮ, ಕಾಡು, ತೋಳ, ಕರಡಿ. ನಡುವೆ ನೀವು ಒಬ್ಬರೇ.

ಆಟದಲ್ಲಿ ಎರಡು ಬಗೆ ಉಂಟು. ಒಂದು ಕಥೆಯ ಆಟ. ಇದರಲ್ಲಿ ಮೆಕೆಂಜಿ ಎಂಬ ವಿಮಾನ ಚಾಲಕ ಮತ್ತು ಆಸ್ಟ್ರಿಡ್ ಎಂಬ ವೈದ್ಯೆಯ ಕಥೆ ಸಾಗುತ್ತದೆ. ಇನ್ನೊಂದು ಬದುಕುಳಿಯುವ ಆಟ. ಇದರಲ್ಲಿ ಕಥೆಯಿಲ್ಲ, ಕೊನೆಯ ಗೆರೆಯೂ ಇಲ್ಲ. ಎಷ್ಟು ದಿನ ಬದುಕಿದಿರಿ ಎಂಬುದೇ ಲೆಕ್ಕ. ಸತ್ತರೆ ಅಲ್ಲಿಯವರೆಗಿನ ಆಟವೇ ಅಳಿಸಿಹೋಗಬಹುದು. ಹಿಂದಿನ ಹಂತಕ್ಕೆ ಮರಳಲು ದಾರಿಯಿಲ್ಲ. ನಲವತ್ತು ದಿನ ಜೋಪಾನವಾಗಿ ಬದುಕಿದವರೂ ಒಂದು ಸಂಜೆಯ ಅವಸರದಲ್ಲಿ ಎಲ್ಲವನ್ನೂ ಕಳೆದುಕೊಳ್ಳಬಹುದು. ಆದ್ದರಿಂದಲೇ ಇಲ್ಲಿ ಪ್ರತಿಯೊಂದು ನಿರ್ಧಾರಕ್ಕೂ ತೂಕವಿದೆ.

ಕೊಲ್ಲುವುದು ತೋಳವಲ್ಲ, ಚಳಿ

ಪರದೆಯ ಮೇಲೆ ನಾಲ್ಕು ಗುರುತುಗಳು ಕಾಣಿಸುತ್ತವೆ: ಮೈಯ ಬಿಸಿ, ದಣಿವು, ಬಾಯಾರಿಕೆ, ಹಸಿವು. ಇವುಗಳಲ್ಲಿ ಯಾವುದಾದರೂ ಪೂರ್ತಿ ಬರಿದಾದರೆ ದೇಹದ ಒಟ್ಟು ಸ್ಥಿತಿ ನೂರರಿಂದ ಕೆಳಗಿಳಿಯಲು ತೊಡಗುತ್ತದೆ. ಅದು ಸೊನ್ನೆಯಾದರೆ ಆಟ ಮುಗಿಯಿತು.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ನಾಲ್ಕನ್ನೂ ಒಂದೇ ಎಂದು ಭಾವಿಸುವುದು. ಹಸಿವಿನ ಗುರುತು ಕೆಂಪಾದೊಡನೆ ಗಾಬರಿಯಿಂದ ಊಟ ಹುಡುಕಲು ಹೊರಗೆ ಓಡುತ್ತಾರೆ. ಹೊರಗೆ ಹಿಮಗಾಳಿಗೆ ಸಿಕ್ಕಿ ಸಾಯುತ್ತಾರೆ. ಹಸಿವಿನಿಂದ ದೇಹ ಕುಗ್ಗಲು ದಿನಗಳು ಬೇಕು. ಬಾಯಾರಿಕೆ ಅದಕ್ಕಿಂತ ಬೇಗ ಕುಗ್ಗಿಸುತ್ತದೆ. ಚಳಿಯಾದರೋ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಆದ್ದರಿಂದ ಮೊದಲು ಬಿಸಿ, ಆಮೇಲೆ ನೀರು, ಅದರ ನಂತರ ಊಟ. ಈ ಕ್ರಮವನ್ನು ನೆನಪಿಟ್ಟುಕೊಂಡರೆ ಮೊದಲ ರಾತ್ರಿ ದಾಟುವುದು ಕಷ್ಟವಲ್ಲ.

ಮೊದಲ ದಿನ ಏನು ಮಾಡಬೇಕು?

1. ಸುಲಭದ ಹಂತವನ್ನೇ ಆರಿಸಿಕೊಳ್ಳಿ. ‘ಪಿಲ್ಗ್ರಿಮ್’ ಎಂಬ ಹಂತದಲ್ಲಿ ತೋಳಗಳು ನಿಮ್ಮನ್ನು ಕಂಡರೆ ತಾವೇ ಓಡುತ್ತವೆ. ಚಳಿ, ನೀರು, ಬೆಂಕಿಯ ಪಾಠ ಕಲಿಯಲು ಇದು ತಕ್ಕ ಜಾಗ. ಗೆಳೆಯರು ‘ಇಂಟರ್‌ಲೋಪರ್’ ಎಂಬ ಕಠಿಣ ಹಂತದಲ್ಲಿ ಆಡುತ್ತಾರೆಂದು ನೀವೂ ಅಲ್ಲಿಗೆ ಹಾರಬೇಡಿ.

2. ಶುರು ಮಾಡಲು ‘ಮಿಸ್ಟರಿ ಲೇಕ್’ ಪ್ರದೇಶ ಒಳ್ಳೆಯದು. ನಡುವೆ ಹೆಪ್ಪುಗಟ್ಟಿದ ಕೆರೆ, ದಡದಲ್ಲಿ ‘ಕ್ಯಾಂಪ್ ಆಫೀಸ್’ ಎಂಬ ಕಟ್ಟಡ, ಅದರೊಳಗೆ ಒಲೆ ಮತ್ತು ಮಂಚ ಇವೆ. ಪಕ್ಕದಲ್ಲೇ ರೈಲು ಹಳಿ ಹಾದುಹೋಗುವುದರಿಂದ ದಾರಿ ತಪ್ಪುವ ಭಯವೂ ಕಡಿಮೆ.

3. ಕಣ್ಣು ಬಿಟ್ಟೊಡನೆ ಸೂರೆ ಹೊಡೆಯಲು ಹೊರಡಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹೊತ್ತು ಎಷ್ಟಾಗಿದೆ, ಹತ್ತಿರದಲ್ಲಿ ಸೂರು ಎಲ್ಲಿದೆ ಎಂದು ನೋಡಿ. ಮನೆ ಸಿಗದಿದ್ದರೆ ಗುಹೆ ಸಾಕು. ಅದೂ ಇಲ್ಲದಿದ್ದರೆ ರಸ್ತೆಯಲ್ಲಿ ನಿಂತುಹೋದ ಕಾರಿನೊಳಗೆ ಕುಳಿತರೂ ಗಾಳಿಯಿಂದ ರಕ್ಷಣೆ ಸಿಗುತ್ತದೆ. ಎಷ್ಟೋ ಸಲ ಚಳಿಗಿಂತ ಗಾಳಿಯೇ ಹೆಚ್ಚು ಕಾಡುತ್ತದೆ. ದೊಡ್ಡ ಬಂಡೆಯ ಮರೆಗೆ ಸರಿದರೂ ಮೈಗೆ ತಾಗುವ ಚಳಿ ಇಳಿಯುವುದನ್ನು ಪರದೆಯ ಮೇಲೆ ಕಾಣಬಹುದು.

4. ದಾರಿಯಲ್ಲಿ ಬಿದ್ದಿರುವ ಕಡ್ಡಿಗಳನ್ನು ಆಯ್ದುಕೊಳ್ಳುತ್ತಲೇ ನಡೆಯಿರಿ. ಊರಿನಲ್ಲಿ ಅಜ್ಜಿಯರು ಒಲೆಗೆಂದು ಪುರಳೆ ಆರಿಸುತ್ತಿದ್ದರಲ್ಲವೇ? ಅದೇ ಕೆಲಸ. ಕೊಡಲಿ ಬೇಡ, ಹೆಚ್ಚು ಶ್ರಮವೂ ಇಲ್ಲ. ಹತ್ತಿಪ್ಪತ್ತು ಪುರಳೆ ಚೀಲದಲ್ಲಿದ್ದರೆ ಒಂದು ಬೆಂಕಿಗೆ ಆಧಾರ.

5. ಬಟ್ಟೆಯನ್ನು ಕಡೆಗಣಿಸಬೇಡಿ. ಖಾಲಿ ಮನೆಗಳ ಕಪಾಟುಗಳಲ್ಲಿ ಸಿಗುವ ಉಣ್ಣೆಯ ಕಾಲುಚೀಲ, ಟೋಪಿ, ಕೈಗವಸುಗಳು ಡಬ್ಬಿ ಊಟಕ್ಕಿಂತ ಬೆಲೆಯುಳ್ಳವು. ಬಟ್ಟೆ ಒದ್ದೆಯಾದರೆ ಬಿಸಿ ಹಿಡಿದಿಡುವುದಿಲ್ಲ. ಒಳಗೆ ಬಂದೊಡನೆ ಕಳಚಿ ಒಲೆಯ ಬಳಿ ಒಣಗಲು ಹಾಕಿ.

ಬೆಂಕಿ: ಒಂದು ಕಡ್ಡಿಗೆ ಮೂರು ಕೆಲಸ

ಆಟದಲ್ಲಿ ಬೆಂಕಿಕಡ್ಡಿಗಳು ಲೆಕ್ಕಕ್ಕೆ ಸಿಗುವಷ್ಟೇ ಇರುತ್ತವೆ. ಬೆಂಕಿ ಹೊತ್ತಿಸಲು ಕಡ್ಡಿ, ಹೊತ್ತಿಕೊಳ್ಳುವ ಒಣ ಕಾಗದ ಅಥವಾ ತೊಗಟೆ, ಉರಿಯಲು ಸೌದೆ, ಈ ಮೂರೂ ಬೇಕು. ಹೊಸಬರ ಕೈ ಪಳಗಿರುವುದಿಲ್ಲವಾದ್ದರಿಂದ ಹಲವು ಸಲ ಬೆಂಕಿ ಹತ್ತುವುದೇ ಇಲ್ಲ. ಹತ್ತುವ ಸಾಧ್ಯತೆ ಶೇಕಡಾ ಎಷ್ಟು ಎಂಬುದನ್ನು ಆಟವೇ ಮೊದಲು ತೋರಿಸುತ್ತದೆ. ಅದನ್ನು ನೋಡದೆ ಕಡ್ಡಿ ಗೀರುವುದು ದುಂದು.

ಗಾಳಿಗೆ ತೆರೆದ ಜಾಗದಲ್ಲಿ ಹಾಕಿದ ಬೆಂಕಿ ಆರಿಹೋಗಬಹುದು. ಒಳಗಿನ ಒಲೆಗೆ ಆ ಭಯವಿಲ್ಲ. ಒಮ್ಮೆ ಬೆಂಕಿ ಹತ್ತಿತೆಂದರೆ ಅದರಿಂದ ಎಲ್ಲ ಕೆಲಸವನ್ನೂ ಒಟ್ಟಿಗೆ ಮಾಡಿಸಿಕೊಳ್ಳಬೇಕು: ಮೈ ಕಾಯಿಸಿಕೊಳ್ಳುವುದು, ಹಿಮ ಕರಗಿಸಿ ನೀರು ಕಾಯಿಸುವುದು, ಊಟ ಬೇಯಿಸುವುದು. ಬರೀ ಮೈ ಕಾಯಿಸಿಕೊಂಡು ಮಲಗಿ, ಬೆಳಗ್ಗೆ ನೀರಿಗಾಗಿ ಇನ್ನೊಂದು ಕಡ್ಡಿ ಗೀರುವವರ ಕಡ್ಡಿಗಳು ವಾರದೊಳಗೆ ಖಾಲಿ. ಉರಿಯುವ ಬೆಂಕಿಯಿಂದ ಒಂದು ಕೊಳ್ಳಿಯನ್ನು ಎಳೆದುಕೊಂಡು ಮುಂದಿನ ಜಾಗದಲ್ಲಿ ಅದರಿಂದಲೇ ಬೆಂಕಿ ಹೊತ್ತಿಸಬಹುದು. ಭೂತಗನ್ನಡಿ ಸಿಕ್ಕರಂತೂ ಒಳ್ಳೆಯ ಬಿಸಿಲಿರುವ ದಿನ ಕಡ್ಡಿಯೇ ಬೇಡ. ವಿಜ್ಞಾನ ತರಗತಿಯಲ್ಲಿ ಕಾಗದ ಸುಟ್ಟದ್ದು ನೆನಪಿರಬೇಕಲ್ಲ!

ನೀರು, ಊಟ, ಮದ್ದು

ಹಿಮ ಎಲ್ಲೆಲ್ಲೂ ಇದೆ, ಆದರೆ ಕುಡಿಯುವ ನೀರಿಲ್ಲ. ಮೊದಲು ಕರಗಿಸಬೇಕು, ನಂತರ ಕುದಿಸಬೇಕು. ಕುದಿಸದ ನೀರು ಕುಡಿದರೆ ಆಮಶಂಕೆ ಹಿಡಿಯುತ್ತದೆ. ಒಲೆ ಉರಿಯುವಾಗಲೇ ಎರಡು ಮೂರು ದಿನಕ್ಕಾಗುವಷ್ಟು ನೀರು ಮಾಡಿಟ್ಟುಕೊಳ್ಳುವುದು ಜಾಣತನ.

ಹೆಪ್ಪುಗಟ್ಟಿದ ಕೆರೆಗಳ ಅಂಚಿನಲ್ಲಿ ‘ಕ್ಯಾಟ್‌ಟೇಲ್’ ಎಂಬ ಜೊಂಡು ಬೆಳೆದಿರುತ್ತದೆ. ಅದರ ದಂಟು ತಿನ್ನಲು ಬರುತ್ತದೆ, ಕೆಡುವುದಿಲ್ಲ, ಹಗುರ. ತುದಿಯ ನಾರು ಬೆಂಕಿ ಹತ್ತಿಸಲು ಬರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ. ತೋಳ, ಕರಡಿಗಳ ಮಾಂಸವನ್ನು ಬೇಯಿಸಿ ತಿಂದರೂ ಅಡುಗೆಯಲ್ಲಿ ಕೈ ಪಳಗುವ ತನಕ ಹೊಟ್ಟೆಯಲ್ಲಿ ಹುಳುವಾಗುವ ಅಪಾಯವಿದೆ. ಹಸಿ ಮಾಂಸವನ್ನು ಚೀಲದಲ್ಲಿಟ್ಟುಕೊಂಡು ನಡೆದರೆ ವಾಸನೆ ಹಿಡಿದು ತೋಳಗಳು ಬರುತ್ತವೆ.

ಕಾಡೇ ಔಷಧಾಲಯವೂ ಹೌದು. ಕಾಡುಗುಲಾಬಿಯ ಕಾಯಿಯಿಂದ ಮಾಡಿದ ಕಷಾಯ ನೋವಿಗೆ, ರೀಶಿ ಎಂಬ ಅಣಬೆಯ ಕಷಾಯ ಸೋಂಕಿಗೆ, ಮರಗಳ ಮೇಲೆ ಜೋತಾಡುವ ಒಂದು ಬಗೆಯ ಕಲ್ಲುಹೂವು ಗಾಯಕ್ಕೆ ಕಟ್ಟಲು. ಕಂಡಾಗಲೇ ಕಿತ್ತಿಟ್ಟುಕೊಳ್ಳಿ. ಬೇಕಾದಾಗ ಹುಡುಕಹೊರಡುವುದು ಮಳೆ ಬಂದಾಗ ಕೊಡೆ ನೇಯಲು ಕುಳಿತಂತೆ.

ತೋಳ ಎದುರಾದರೆ

ಮುಂದಿನ ಹಂತಗಳಲ್ಲಿ ತೋಳಗಳು ಮೇಲೆ ಬೀಳುತ್ತವೆ. ತೋಳ ಕಂಡೊಡನೆ ಓಡುವುದು ಹೊಸಬರ ಸ್ವಭಾವ; ಆದರೆ ಓಟದಲ್ಲಿ ಅದೇ ಗೆಲ್ಲುತ್ತದೆ. ದೂರದಲ್ಲಿದ್ದರೆ ದಾರಿ ಬದಲಿಸಿ. ಹತ್ತಿರ ಬಂದರೆ ಕೈಯಲ್ಲಿ ಉರಿಯುವ ಕೊಳ್ಳಿ ಹಿಡಿಯಿರಿ, ಇಲ್ಲವೇ ಚೀಲದಲ್ಲಿರುವ ಮಾಂಸವನ್ನು ಕೆಳಗೆ ಹಾಕಿ ಹಿಂದೆ ಸರಿಯಿರಿ. ಕಚ್ಚಿಸಿಕೊಂಡರೆ ಮೊದಲು ರಕ್ತ ನಿಲ್ಲಿಸಿ ಬ್ಯಾಂಡೇಜ್ ಕಟ್ಟಿ, ಆಮೇಲೆ ಗಾಯ ಶುಚಿಗೊಳಿಸಿ.

ಹಿಂದಿರುಗುವ ಹೊತ್ತು

ಮೇಲೆ ಹೇಳಿದ್ದೆಲ್ಲ ಒಂದು ತೂಕವಾದರೆ ಇದೊಂದೇ ಒಂದು ತೂಕ. ಮನೆಯಿಂದ ಹೊರಡುವ ಮೊದಲೇ ಯಾವಾಗ ಹಿಂದಿರುಗುವುದು ಎಂದು ನಿರ್ಧರಿಸಿರಿ. ಮೈಯ ಬಿಸಿ ಅರ್ಧಕ್ಕೆ ಇಳಿದಾಗ ಅಥವಾ ಸೂರ್ಯ ನೆತ್ತಿ ದಾಟಿದಾಗ, ಯಾವುದು ಮೊದಲೋ ಆಗ. ಹೋದಷ್ಟೇ ದೂರ ವಾಪಸ್ ಬರಬೇಕಲ್ಲ! ‘ಇನ್ನೊಂದು ಮನೆ ನೋಡಿ ಬರುತ್ತೇನೆ’ ಎಂದು ಮುಂದೆ ಹೋದವರೇ ಹೆಚ್ಚಾಗಿ ಕತ್ತಲಲ್ಲಿ ಸಿಕ್ಕಿಬೀಳುವುದು. ಚೀಲ ತುಂಬಾ ಭಾರವಾದರೆ ನಡಿಗೆ ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಕಾಲು ಉಳುಕುತ್ತದೆ. ಸಿಕ್ಕಿದ್ದೆಲ್ಲವನ್ನೂ ಹೊರಬೇಕಿಲ್ಲ, ಬಿಟ್ಟ ವಸ್ತುವಿಗಾಗಿ ನಾಳೆ ಬರಬಹುದು. ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯುವಾಗ ಬಿರುಕಿನ ಸದ್ದು ಕೇಳಿದರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಮುಂದೆ ಹೆಜ್ಜೆ ಇಡಬೇಡಿ.

ಈ ಆಟದಲ್ಲಿ ನೂರಾರು ದಿನ ಬದುಕುವವರು ಬೇಟೆಯಲ್ಲಿ ನಿಪುಣರೇ ಆಗಿರಬೇಕೆಂದಿಲ್ಲ. ತಮ್ಮ ಹತ್ತಿರ ಏನಿದೆ, ಎಷ್ಟಿದೆ, ಎಲ್ಲಿಗೆ ಸಾಕು ಎಂದು ಎಣಿಸಬಲ್ಲವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ ಅಲ್ಲವೇ?

ಆಟ ಬೇರೆ, ಕಾಡು ಬೇರೆ

ಮಕ್ಕಳೇ, ಒಂದು ಎಚ್ಚರಿಕೆ. ಆಟದಲ್ಲಿ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಗಾಯಗೊಂಡ ದೇಹ ಚೇತರಿಸಿಕೊಳ್ಳುತ್ತದೆ. ನಿಜ ಜೀವನದಲ್ಲಿ ಹಾಗಾಗುವುದಿಲ್ಲ. ಪರದೆಯ ಮೇಲೆ ಕಂಡ ಅಣಬೆ, ಕಾಯಿಗಳನ್ನು ಹೊರಗೆ ಕಂಡು ಬಾಯಿಗೆ ಹಾಕಬೇಡಿ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ತುರ್ತು ಸ್ಥಿತಿ. ಆ ಮನುಷ್ಯನಿಗೆ ಬೇಕಾದ್ದು ವೈದ್ಯರು.

ನಾವಿರುವ ಈ ನಾಡಿನಲ್ಲಿ ಅಪಾಯ ಬರುವುದು ಚಳಿಯಿಂದಲ್ಲ, ಬಿಸಿಲಿನಿಂದ. ಮರಳುಗಾಡಿನಲ್ಲಿ ಕಾರು ಕೆಟ್ಟು ನಿಂತರೆ ಮೊದಲು ಬೇಕಾದದ್ದು ನೆರಳು ಮತ್ತು ನೀರು. ಕಾರನ್ನು ಬಿಟ್ಟು ನಡೆದು ಹೋಗಬಾರದು. ಹುಡುಕಿ ಬರುವವರಿಗೆ ಒಂಟಿ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಯಾರಿಗಾದರೂ ಹೇಳಿಯೇ ಹೊರಡಬೇಕು. ಬೇಸಿಗೆ ರಜೆಗೆ ಊರಿಗೆ ಹೋಗಿ ಕುಮಾರ ಪರ್ವತ ಹತ್ತುವ ಆಸೆಯುಳ್ಳವರಿಗೂ ಇದೇ ಮಾತು. ಕ್ರಮ ಬದಲಾದರೂ ಲೆಕ್ಕ ಬದಲಾಗುವುದಿಲ್ಲ.

ಪೋಷಕರಿಗೆ ಎರಡು ಮಾತು

ಈ ಆಟವನ್ನು ಒಬ್ಬರೇ ಆಡುವುದು. ಆದ್ದರಿಂದ ಆಟದೊಳಗೆ ಅಪರಿಚಿತರು ಮಕ್ಕಳ ಜೊತೆ ಮಾತಿಗಿಳಿಯುವ ಭಯವಿಲ್ಲ. ಆದರೆ ಬೇಟೆ, ಗಾಯ, ಹೆಪ್ಪುಗಟ್ಟಿದ ಹೆಣಗಳ ದೃಶ್ಯಗಳಿವೆ. ಇದು ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ಕೊಳ್ಳುವ ಮೊದಲು ಅದರ ಮೇಲೆ ನಮೂದಿಸಿರುವ ವಯಸ್ಸಿನ ಮಿತಿಯನ್ನು ನೋಡಿ.

“ಸಾಕು, ಏಳು” ಎಂದು ಕೂಗಿದೊಡನೆ ಮಗು ಏಳದಿದ್ದರೆ ಅದಕ್ಕೂ ಒಂದು ಕಾರಣವಿರಬಹುದು. ಬದುಕುಳಿಯುವ ಆಟದಲ್ಲಿ ಕಟ್ಟಡದೊಳಗೆ ಹೋದಾಗ ಅಥವಾ ಮಲಗಿದಾಗ ಆಟ ತಾನಾಗಿ ದಾಖಲಾಗುತ್ತದೆ. ನಡುದಾರಿಯಲ್ಲಿ ಕಂಪ್ಯೂಟರ್ ಆರಿಸಿದರೆ ಅಲ್ಲಿಯವರೆಗೆ ಪಟ್ಟ ಶ್ರಮ ವ್ಯರ್ಥ. ಹಾಗಾಗಿ “ಹತ್ತಿರದ ಮನೆಗೆ ಹೋಗಿ ಮಲಗಿ, ಆಮೇಲೆ ಆರಿಸು” ಎಂದು ಹೇಳಿ ನೋಡಿ. ಕೆಲವು ನಿಮಿಷ ಕಾದರೆ ಜಗಳ ತಪ್ಪುತ್ತದೆ. ಸಾಧ್ಯವಾದರೆ ಒಮ್ಮೆ ಪಕ್ಕದಲ್ಲಿ ಕುಳಿತು, “ಕಡ್ಡಿ ಎಷ್ಟು ಉಳಿದಿದೆ? ಈಗ ಹೊರಗೆ ಏಕೆ ಹೋಗುತ್ತೀಯ?” ಎಂದು ಕನ್ನಡದಲ್ಲೇ ಕೇಳಿ. ಉತ್ತರ ಹೇಳಲು ಮಗು ಯೋಚಿಸಬೇಕಾಗುತ್ತದೆ. ಪುರಳೆ, ಕೊಳ್ಳಿ, ಜೊಂಡು ಎಂಬ ಮಾತುಗಳೂ ನಾಲಿಗೆಗೆ ಬರುತ್ತವೆ.

ಪರೀಕ್ಷೆ ಮುಗಿದು ರಜೆ ಬಂದಾಗ ಆಡುವವರು ಆಡಿ. ನಿಮ್ಮ ಚೀಲದಲ್ಲಿ ಪುರಳೆ ತುಂಬಿರಲಿ, ನಿಮ್ಮ ಒಲೆ ಆರದಿರಲಿ. ಕತ್ತಲಾಗುವ ಮೊದಲು ಸೂರಿನಡಿ ಸೇರಿರಿ ಎಂದು ಹಾರೈಸುತ್ತೇನೆ.