ಕಡಿವಾಣದಲ್ಲಿ ಅಡಗಿದ್ದ ಕಡಿ

ಸಿಂಗಸಂದ್ರ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲಿಳಿಯುತ್ತಿದ್ದೆ. ಆಫೀಸಿನ ಗ್ರೂಪಿಗೆ ಮೆಸೇಜು ಬಂತು: ‘ಕ್ಲೈಂಟ್ ಈಸ್ ಚಾಂಪಿಂಗ್ ಅಟ್ ದಿ ಬಿಟ್.’ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ನನಗೆ ಬಿಟ್ ಅಂದರೆ ಸೊನ್ನೆ, ಒಂದು, ಅಷ್ಟೇ. ಅದನ್ನಿಟ್ಟುಕೊಂಡು ಕ್ಲೈಂಟು ಏನು ಮಾಡುತ್ತಿದ್ದಾನಪ್ಪಾ?

ಉತ್ತರ ಕೆಳಗಿನ ಬೀದಿಯಲ್ಲೇ ನಿಂತಿತ್ತು. ಮದುವೆ ಮೆರವಣಿಗೆಯ ಬಿಳಿ ಕುದುರೆ! ವರ ಇನ್ನೂ ಬಂದಿಲ್ಲ. ಬಾಯಲ್ಲಿ ಕಬ್ಬಿಣದ ಸರಳು. ಅದನ್ನು ಕಟಕಟ ಅಂತ ಜಗಿಯುತ್ತಿದೆ, ತುಟಿಯಂಚಿನಲ್ಲಿ ನೊರೆ, ಮುಂಗಾಲು ಡಾಂಬರನ್ನು ಕೆರೆಯುತ್ತಿದೆ. “ಎಷ್ಟೊತ್ತು ನಿಲ್ಲೋದು ಸಾರ್, ಅದಕ್ಕೂ ಬೇಜಾರಾಗಲ್ವಾ?” ಅಂದ ಕುದುರೆಯವ.

ಅಯ್ಯೋ, ಇದೇ! ಆ ಸರಳೇ ಬಿಟ್, ಆ ಜಗಿತವೇ ಚಾಂಪ್. ಓಡಲು ಹಾತೊರೆವ ಕುದುರೆಯನ್ನು ಹಿಡಿದು ನಿಲ್ಲಿಸಿದರೆ ಅದು ಕಬ್ಬಿಣ ಕಡಿಯುತ್ತದೆ. ನಮ್ಮ ಕ್ಲೈಂಟಿನದೂ ಅದೇ ಚಡಪಡಿಕೆ. ಅಮೆರಿಕದವರ ಬಾಯಲ್ಲಿ ಚಾಂಪ್ ಹೋಗಿ ಚೊಂಪ್ ಆಗಿದೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಕುದುರೆಗೆ ಖಾಲಿ ಜಾಗವಿದೆ. ಸರಳು ಕೂರುವುದು ಸರಿಯಾಗಿ ಅಲ್ಲಿ.

ಮೈ ಜುಮ್ಮೆಂದದ್ದು ಆಮೇಲೆ. ಈ ಬಿಟ್ ಹುಟ್ಟಿದ್ದು ಇಂಗ್ಲಿಷಿನ ‘ಬೈಟ್’ ಅಂದರೆ ‘ಕಡಿ’ಯಿಂದ. ನಮ್ಮ ಮಾತು? ಕಡಿವಾಣ! ಮೊದಲಲ್ಲೇ ‘ಕಡಿ’ ಕೂತಿದೆ, ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ. ಇದೇ ಹೊಸೂರು ರಸ್ತೆ ಹಿಡಿದು ತಮಿಳುನಾಡು ಸೇರಿದರೆ ಅದು ಕಡಿವಾಳಂ, ಅಲ್ಲೂ ಕಡಿ. ಇಂಗ್ಲಿಷಿಗೂ ನಮ್ಮ ನುಡಿಗಳಿಗೂ ಸಂಬಂಧವೇ ಇಲ್ಲ, ಆದರೂ ಒಂದೇ ಕುದುರೆಯ ಬಾಯೊಳಗೆ ಇಣುಕಿವೆ. (ಕಂಪ್ಯೂಟರಿನ ಬಿಟ್ ಬೇರೆ ಕುಲದ್ದು, ‘ಬೈನರಿ ಡಿಜಿಟ್’ನ ಮೊಟಕು. ಆದರೆ 1956ರಲ್ಲಿ ಐಬಿಎಂನ ವರ್ನರ್ ಬುಕೋಲ್ಟ್ಸ್ ಹೆಸರಿಟ್ಟ ‘ಬೈಟ್’ ಮಾತ್ರ ಕಡಿತವೇ. ಬಿಟ್ ಜತೆ ಗೊಂದಲ ಆಗದಿರಲೆಂದು ಕಾಗುಣಿತ ತಿರುಚಿದರು!)

ಆದರೆ ನೋಡಿ, ‘ಬೆಲೆಯೇರಿಕೆಗೆ ಕಡಿವಾಣ’ ಅನ್ನುವ ನಾವು ಸವಾರನ ಕಡೆಯವರು. ಇಂಗ್ಲಿಷ್ ನುಡಿಗಟ್ಟು ಕುದುರೆಯ ಪಕ್ಷ. ಆ ಚಡಪಡಿಕೆಗೆ ನಾವು ಕುದುರೆಯನ್ನು ಕರೆಯುವುದಿಲ್ಲ, ತುದಿಗಾಲಲ್ಲಿ ನಿಲ್ಲುತ್ತೇವೆ. 2025ರ ಆಗಸ್ಟಿನಲ್ಲಿ ಮೆಟ್ರೊದ ಈ ಹಳದಿ ಮಾರ್ಗ ಶುರುವಾದಾಗ ರೈಲು 25 ನಿಮಿಷಕ್ಕೊಂದು. ಇದೇ ಸ್ಟೇಷನ್ನಿನಲ್ಲಿ ನಾನೂ ಹಾಗೇ ನಿಂತವನು.

ಅಷ್ಟರಲ್ಲಿ ಬ್ಯಾಂಡು ಬಡಿಯಿತು, ವರ ಬಂದ. ಕುದುರೆ ಜಗಿಯುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿತು. ನಾನು ಗ್ರೂಪಿಗೆ ಬರೆದೆ: ‘ಲಗಾಮು ಸಡಿಲ ಬಿಡಿ, ರಾತ್ರಿ ಬಿಲ್ಡ್ ಕೊಡ್ತೀನಿ.’